ಮೆಮೊರಿ ಕಾರ್ಡ್ ತಗೊಳ್ಳುವಾಗ ಸ್ಪೀಡ್ ಆಮೇಲೆ ನೋಡಿ, ಅಸಲಿನಾ ಅಂತ ಮೊದ್ಲು ನೋಡಿ

ಪ್ರಶ್ನೆ: ನನ್ನ ಹತ್ರ 24 ಮೆಗಾಪಿಕ್ಸೆಲ್ ಮಿರರ್‌ಲೆಸ್ ಕ್ಯಾಮೆರಾ ಇದೆ, ಒಂದೇ ಕಾರ್ಡ್ ಸ್ಲಾಟ್, ಯುಎಚ್‌ಎಸ್-1 (ಕಾರ್ಡ್‌ಗೆ ಡೇಟಾ ಸಾಗೋ ವೇಗದ ಒಂದು ದರ್ಜೆ, ಯುಎಚ್‌ಎಸ್-2 ಇದಕ್ಕಿಂತ ವೇಗದ್ದು). ಜಾಸ್ತಿ ತೆಗೆಯೋದು ಹಕ್ಕಿ ಫೋಟೊ, ಆಗಾಗ 4ಕೆ ವಿಡಿಯೊ. ಆನ್‌ಲೈನ್‌ನಲ್ಲಿ ತುಂಬಾ ಕಡಿಮೆಗೆ ಸಿಕ್ತು ಅಂತ 256 ಜಿಬಿ ಕಾರ್ಡ್ ತಗೊಂಡೆ. ಈಗ ಸುಮಾರು ಫೋಟೊಗಳು ಓಪನ್ ಆಗ್ತಿಲ್ಲ, ಕೆಲವು ಅರ್ಧ ಬಂದು ಉಳಿದರ್ಧ ಬೂದು ಬಣ್ಣ. ತೊಂದರೆ ಕ್ಯಾಮೆರಾದ್ದಾ, ಕಾರ್ಡ್‌ದಾ? ಹೊಸದು ತಗೊಳ್ಳೋದಾದ್ರೆ ಯಾವುದನ್ನ ನಂಬಬಹುದು? ದೊಡ್ಡದು ಒಂದು ಸಾಕಾ, ಚಿಕ್ಕವು ನಾಲ್ಕು ಬೇಕಾ?

ಉತ್ತರ: ಮೊದ್ಲು ಆ ಕಾರ್ಡನ್ನ ಕ್ಯಾಮೆರಾದಿಂದ ತೆಗೆದು ಪಕ್ಕಕ್ಕಿಡಿ. ಇನ್ನೊಂದೇ ಒಂದು ಫೋಟೊನೂ ಅದರಲ್ಲಿ ತೆಗೀಬೇಡಿ, ಫಾರ್ಮ್ಯಾಟ್ ಮಾಡಿ ನೋಡೋಣ ಅಂತ ಹೋಗ್ಲೇಬೇಡಿ, ಕಂಪ್ಯೂಟರ್‌ಗೆ ಹಾಕಿದಾಗ ಡ್ರೈವ್‌ನಲ್ಲಿ ಸಮಸ್ಯೆ ಇದೆ ಸರಿ ಮಾಡ್ಲಾ ಅಂತ ಕೇಳಿದ್ರೆ ಬೇಡ ಅನ್ನಿ. ಆಮೇಲೆ ಬೇರೆ ಕಾರ್ಡ್ ರೀಡರ್‌ನಲ್ಲಿ, ಸಾಧ್ಯ ಆದ್ರೆ ಬೇರೆ ಕಂಪ್ಯೂಟರ್‌ನಲ್ಲೇ ಹಾಕಿ ಅವೇ ಫೋಟೊಗಳನ್ನ ಮತ್ತೆ ಓಪನ್ ಮಾಡಿ. ಯಾಕಂದ್ರೆ ರೀಡರ್ ಕೆಟ್ಟಿದ್ರೂ, ಯುಎಸ್‌ಬಿ ಕೇಬಲ್ ಲೂಸ್ ಇದ್ರೂ ಇದೇ ತರ ಬೂದು ಪಟ್ಟಿ ಬರತ್ತೆ, ಕಾರ್ಡ್ ಪಾಪ ಸರಿಯಾಗೇ ಇರತ್ತೆ, ಬೈಗುಳ ಮಾತ್ರ ಅದಕ್ಕೆ.

ರೀಡರ್ ಬದಲಾಯಿಸಿದ್ರೂ ಅದೇ ಕಥೆ ಅಂದ್ರೆ ಫೋಟೊಗಳನ್ನ ತೆಗೆದ ಸಮಯದ ಪ್ರಕಾರ ಜೋಡಿಸಿ, ಯಾವ್ಯಾವುದು ಹಾಳಾಗಿದೆ ನೋಡಿ. ಅಲ್ಲೊಂದು ಇಲ್ಲೊಂದು ಚೆದುರಿ ಹಾಳಾಗಿದ್ರೆ ಕಾರ್ಡ್ ಸಾಯ್ತಾ ಇದೆ ಅಥವಾ ಕಾಂಟ್ಯಾಕ್ಟ್ ಸರಿ ಇಲ್ಲ ಅಂತ ಅನುಮಾನ ಪಡಬಹುದು. ಒಂದು ಹಂತದ ತನಕ ಎಲ್ಲ ಚೆನ್ನಾಗಿದ್ದು ಅಲ್ಲಿಂದ ಮುಂದೆ ಸಾಲಾಗಿ ಎಲ್ಲ ಹೋಗಿದ್ರೆ, ಇಲ್ಲಾ ಹಳೇವೆಲ್ಲ ಹೋಗಿ ಇತ್ತೀಚಿನವು ಮಾತ್ರ ಉಳಿದಿದ್ರೆ, ಅದು ನಕಲಿ ಕಾರ್ಡ್. ನೀವು ಹೇಳ್ತಿರೋ ರೇಟು, ಲಕ್ಷಣ ಎರಡೂ ಸೇರಿಸಿ ನೋಡಿದ್ರೆ ನನ್ನ ಊಹೆ ಇದರ ಕಡೆಗೇ. ಕ್ಯಾಮೆರಾ ಮೇಲೆ ನನಗೆ ಅಷ್ಟೊಂದು ಅನುಮಾನ ಇಲ್ಲ, ಆದ್ರೂ ಬೇರೆ ಯಾವುದಾದ್ರೂ ಒಳ್ಳೆ ಕಾರ್ಡ್ ಹಾಕಿ ಒಂದಷ್ಟು ಫೋಟೊ ತೆಗೆದು ನೋಡಿಬಿಡಿ, ಅಲ್ಲಿಗೆ ಅದು ಇತ್ಯರ್ಥ.

ನಕಲಿ ಕಾರ್ಡ್ ಹೆಂಗೆ ಕೆಲಸ ಮಾಡತ್ತೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಇದು ಗೊತ್ತಾದ್ರೆ ಉಳಿದಿದ್ದು ತಾನಾಗೇ ಅರ್ಥ ಆಗತ್ತೆ. ಎಸ್‌ಡಿ ಕಾರ್ಡ್ ಒಳಗೆ ಎರಡು ಮುಖ್ಯ ಭಾಗ ಇರತ್ತೆ, ಡೇಟಾ ಕೂತ್ಕೊಳ್ಳೋ ಫ್ಲ್ಯಾಶ್ ಚಿಪ್, ಮತ್ತೆ ಅದನ್ನ ನಡೆಸೋ ಒಂದು ಪುಟ್ಟ ಕಂಟ್ರೋಲರ್. ಕ್ಯಾಮೆರಾ ‘ನಿನ್ನಲ್ಲಿ ಎಷ್ಟು ಜಾಗ ಇದೆ’ ಅಂತ ಕೇಳೋದು ಕಂಟ್ರೋಲರನ್ನ, ಅದು ಏನು ಹೇಳತ್ತೋ ಅದನ್ನೇ ನಂಬತ್ತೆ, ಚಿಪ್ಪನ್ನ ಇಣುಕಿ ನೋಡೋ ದಾರಿ ಕ್ಯಾಮೆರಾಗಿಲ್ಲ. ಮೋಸಗಾರರು ಏನ್ ಮಾಡ್ತಾರೆ ಅಂದ್ರೆ 32 ಜಿಬಿನೋ 64 ಜಿಬಿನೋ ಇರೋ ಸಾಧಾರಣ ಚಿಪ್ ಹಾಕಿ, ಕಂಟ್ರೋಲರ್ ಕೈಲಿ 256 ಅಂತ ಸುಳ್ಳು ಹೇಳಿಸ್ತಾರೆ. ಹತ್ತು ಲೀಟರ್ ಬಿಂದಿಗೆಗೆ ಐವತ್ತು ಲೀಟರ್ ಅಂತ ಚೀಟಿ ಅಂಟಿಸಿದ ಹಾಗೆ. ನಿಜವಾದ ಜಾಗ ತುಂಬೋ ತನಕ ಎಲ್ಲ ಸರಿಯಾಗೇ ನಡೆಯತ್ತೆ, ಅದಕ್ಕೇ ಮೊದಲ ಸಲ ಒಂದಿಪ್ಪತ್ತು ಫೋಟೊ ತೆಗೆದು ಕಾರ್ಡ್ ಚೆನ್ನಾಗಿದೆ ಅಂತ ಐದು ಸ್ಟಾರ್ ರಿವ್ಯೂ ಬರೆಯೋರು ಅಷ್ಟೊಂದು ಜನ. ಜಾಗ ತುಂಬಿದ ಮೇಲೆ ಬರೋ ಡೇಟಾವನ್ನ ಕೆಲವು ಕಾರ್ಡ್ ಸುಮ್ಮನೆ ಬಿಸಾಕತ್ತೆ, ಕೆಲವು ಮತ್ತೆ ಮೊದಲಿಂದ ಶುರು ಮಾಡಿ ಹಳೇ ಫೋಟೊ ಮೇಲೇ ಬರೆಯತ್ತೆ. ಎರಡರಲ್ಲೂ ಎರರ್ ಬರಲ್ಲ. ಫೈಲ್ ಹೆಸರು, ಸೈಜು, ತಾರೀಖು ಎಲ್ಲ ಕಾರ್ಡಿನ ಶುರುವಿನಲ್ಲೇ ಇರೋ ಪಟ್ಟೀಲಿ ಇರೋದ್ರಿಂದ ಫೋಲ್ಡರ್ ತೆಗೆದ್ರೆ ಸಾಮಾನ್ಯವಾಗಿ ಎಲ್ಲ ಲಕ್ಷಣವಾಗಿ ಕಾಣತ್ತೆ, ಓಪನ್ ಮಾಡಿದಾಗಲೇ ಬಣ್ಣ ಬಯಲಾಗೋದು.

ಹಂಗಂತ 256 ಜಿಬಿ ಕಾರ್ಡ್ 238 ಅಂತ ತೋರಿಸಿದ್ರೆ ಅದು ಮೋಸ ಅಲ್ಲ, ಗಾಬರಿ ಬೀಳ್ಬೇಡಿ. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಜಿಬಿ ಎಣಿಸ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸತ್ತೆ, ಅಷ್ಟೇ ವ್ಯತ್ಯಾಸ.

ಪ್ಯಾಕೆಟ್ ನೋಡಿ ನಕಲಿ ಹಿಡಿಯೋದು ಈಗ ಕಷ್ಟ. ಸ್ಪೆಲಿಂಗ್ ತಪ್ಪಿರೋದು, ಲೋಗೊ ಮಬ್ಬಾಗಿರೋದು ಎಲ್ಲ ಕಳಪೆ ನಕಲಿಗಳಲ್ಲಿ ಮಾತ್ರ, ಒಳ್ಳೆ ನಕಲಿ ಅಸಲಿಯಷ್ಟೇ ಚಂದ ಪ್ರಿಂಟ್ ಆಗಿರತ್ತೆ. ಆದ್ರೆ ಒಂದು ಕಡೆ ಸಿಕ್ಕಿಬೀಳ್ತಾರೆ. ಕಾರ್ಡ್ ಮೇಲೆ ಲೋಗೊ ಪಕ್ಕ ರೋಮನ್ ಅಂಕಿಯಲ್ಲಿ 2 ಅಂತ, ಅಂದ್ರೆ ಎರಡು ಗೀಟು ಇದ್ರೆ ಅದು ಯುಎಚ್‌ಎಸ್-2 ಕಾರ್ಡ್, ಅದನ್ನ ತಿರುಗಿಸಿ ಹಿಂಭಾಗ ನೋಡಿ. ಮಾಮೂಲಿ ಎಸ್‌ಡಿ ಕಾರ್ಡ್‌ನಲ್ಲಿ ಮೇಲ್ಗಡೆ ಒಂದೇ ಸಾಲು ಚಿನ್ನದ ಬಣ್ಣದ ಪಿನ್, ಒಟ್ಟು 9. ಯುಎಚ್‌ಎಸ್-2ನಲ್ಲಿ ಅದರ ಕೆಳಗೆ ಚಿಕ್ಕ ಪಿನ್‌ಗಳ ಇನ್ನೊಂದು ಸಾಲು, ಎಲ್ಲ ಸೇರಿ 17. ಮುಂದ್ಗಡೆ ಎರಡು ಗೀಟು, ಹಿಂದ್ಗಡೆ ಒಂದೇ ಸಾಲು ಅಂದ್ರೆ ಬೇರೆ ಪರೀಕ್ಷೆನೇ ಬೇಡ, ವಾಪಸ್ ಕಳಿಸಿ.

ಉಳಿದ ಎಲ್ಲ ಕಾರ್ಡ್‌ಗೂ ಒಂದೇ ದಾರಿ, ಪೂರ್ತಿ ತುಂಬಿಸಿ ಪೂರ್ತಿ ಓದಿ ನೋಡೋದು. ವಿಂಡೋಸ್‌ಗೆ ಎಚ್2ಟೆಸ್ಟ್‌ಡಬ್ಲ್ಯೂ ಅಂತ ಒಂದು ಹಳೇ ಫ್ರೀ ಪ್ರೋಗ್ರಾಂ ಇದೆ, ಲಿನಕ್ಸ್ ಮತ್ತೆ ಮ್ಯಾಕ್‌ಗೆ ಎಫ್3 ಅಂತ ಇದೆ, ಎರಡೂ ಮಾಡೋ ಕೆಲಸ ಒಂದೇ. ಖಾಲಿ ಕಾರ್ಡ್ ಹಾಕಿ ಶುರು ಮಾಡಿದ್ರೆ ಒಂದೊಂದು ಜಿಬಿಯ ಫೈಲ್‌ಗಳನ್ನ ಜಾಗ ಮುಗಿಯೋ ತನಕ ಬರೀತಾ ಹೋಗತ್ತೆ, ಆಮೇಲೆ ಮೊದಲಿಂದ ಒಂದೊಂದನ್ನೇ ಓದಿ ಬರೆದಿದ್ದೇ ಇದೆಯಾ ಅಂತ ತಾಳೆ ನೋಡತ್ತೆ. ನಕಲಿ ಆಗಿದ್ರೆ ಇಷ್ಟು ಜಿಬಿ ಸರಿ, ಇಷ್ಟು ಜಿಬಿ ಹೋಯ್ತು ಅಂತ ಕೊನೇಲಿ ಲೆಕ್ಕ ಸಮೇತ ಕೊಡತ್ತೆ. ಜೊತೆಗೆ ಬರೆಯೋ ಸ್ಪೀಡು, ಓದೋ ಸ್ಪೀಡು ಎರಡನ್ನೂ ಹೇಳತ್ತೆ, ಅದನ್ನ ಒಂದು ಕಡೆ ಬರೆದಿಟ್ಕೊಳ್ಳಿ, ಮುಂದೆ ಯಾವಾಗಾದ್ರೂ ಕಾರ್ಡ್ ನಿಧಾನ ಆಯ್ತಾ ಅಂತ ಅನುಮಾನ ಬಂದಾಗ ಹೋಲಿಸೋಕೆ ಬೇಕಾಗತ್ತೆ. 128 ಜಿಬಿ ಕಾರ್ಡ್‌ಗೆ ಬರೆದು ಓದೋಕೆ ಒಂದು ಗಂಟೆ ಹತ್ರ ಹಿಡಿಯತ್ತೆ, ರೀಡರ್ ಹಳೇದಿದ್ರೆ ಇನ್ನೂ ಜಾಸ್ತಿ, ಹಾಕಿಟ್ಟು ಬೇರೆ ಕೆಲಸ ನೋಡ್ಕೊಳ್ಳಿ. ಹೊಸ ಕಾರ್ಡ್ ಎಂಥಾ ಕಂಪನಿದೇ ಆಗಿರ್ಲಿ, ಎಲ್ಲಿಂದಾನೇ ತಂದಿರ್ಲಿ, ಇದು ಪಾಸಾಗದೆ ಕ್ಯಾಮೆರಾ ಒಳಗೆ ಹೋಗ್ಬಾರ್ದು, ಇದರಲ್ಲಿ ನಾನು ರಾಜಿ ಇಲ್ಲ. ವಾಪಸ್ ಮಾಡೋ ಗಡುವು ಮುಗಿಯೋ ಮೊದ್ಲೇ ಮಾಡಿ, ಡಬ್ಬಿ ಒಡೆಯದೆ ಬ್ಯಾಗಲ್ಲಿಟ್ಟು ಆರು ತಿಂಗಳಾದ ಮೇಲೆ ಟೆಸ್ಟ್ ಮಾಡಿದ್ರೆ ಯಾರೂ ವಾಪಸ್ ತಗೊಳ್ಳಲ್ಲ.

ಈಗ ಕಾರ್ಡ್ ಮೇಲೆ ಬರೆದಿರೋದನ್ನ ಓದೋದು ಹೆಂಗೆ ಅನ್ನೋದಕ್ಕೆ ಬರ್ತೀನಿ. ಅಷ್ಟು ಚಿಕ್ಕ ಜಾಗದಲ್ಲಿ ಇಷ್ಟೊಂದು ಗುರುತು ಯಾಕೆ ಅಂತ ಎಲ್ಲರಿಗೂ ತಲೆ ಕೆಡತ್ತೆ, ನಿಮಗೆ ಬೇಕಾಗಿರೋದು ಅದರಲ್ಲಿ ಎರಡು ಮೂರು ಮಾತ್ರ. ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ 170, 200 ಅಂತ ಎಂಬಿ ಲೆಕ್ಕ ಇರತ್ತಲ್ಲ, ಅದು ಓದೋ ಸ್ಪೀಡು. ಅಂದ್ರೆ ಮನೆಗೆ ಬಂದು ಕಂಪ್ಯೂಟರ್‌ಗೆ ಕಾಪಿ ಮಾಡುವಾಗ ಆಗೋ ಉಪಯೋಗ, ಫೋಟೊ ತೆಗೆಯುವಾಗ ಅಲ್ಲ. ಅದರಲ್ಲೂ ಯುಎಚ್‌ಎಸ್-1ರ ಮಿತಿ ಸೆಕೆಂಡ್‌ಗೆ 104 ಎಂಬಿ, ಅದಕ್ಕಿಂತ ಮೇಲೆ ಬರೆದಿದ್ರೆ ಅದು ಆ ಕಂಪನಿ ತನ್ನದೇ ವಿಧಾನದಲ್ಲಿ ಸಾಧಿಸಿರೋದು, ಅದಕ್ಕೆ ಹೊಂದೋ ರೀಡರ್ ಇದ್ರೆ ಮಾತ್ರ ಸಿಗತ್ತೆ. ನಿಮ್ಮ ಕ್ಯಾಮೆರಾಗೆ ಆ ನಂಬರ್ ಇದ್ರೂ ಒಂದೇ ಇಲ್ದಿದ್ರೂ ಒಂದೇ.

ನೋಡ್ಬೇಕಾಗಿರೋದು ವಿ ಅಕ್ಷರದ ಮುಂದಿರೋ ನಂಬರ್. ವಿ30 ಅಂದ್ರೆ ಒಂದೇ ಸಮನೆ ಬರೀತಾ ಇದ್ರೂ ಸೆಕೆಂಡ್‌ಗೆ 30 ಎಂಬಿಗಿಂತ ಕೆಳಗೆ ಇಳಿಯಲ್ಲ ಅಂತ ಕೊಡೋ ಮಾತು, ವಿ60, ವಿ90 ಕೂಡ ಹಂಗೇ. ಯು ಆಕಾರದ ಒಳಗೆ 3 ಇದ್ರೂ ಅದೇ 30 ಎಂಬಿ, ಯು ಒಳಗೆ 1 ಇದ್ರೆ ಅಥವಾ ಸಿ ಆಕಾರದ ಒಳಗೆ 10 ಇದ್ರೆ 10 ಎಂಬಿ. ಎ1, ಎ2 ಅಂತ ಇರೋದು ಫೋನ್‌ನಲ್ಲಿ ಆ್ಯಪ್ ಓಡಿಸೋಕೆ ಸಂಬಂಧಪಟ್ಟಿದ್ದು, ಕ್ಯಾಮೆರಾದವರು ಅದನ್ನ ಮರೆತುಬಿಡಿ.

ವಿಡಿಯೊ ಲೆಕ್ಕ ಸುಲಭ, ಒಂದೇ ಒಂದು ಕಡೆ ಎಡವ್ತಾರೆ. ಕ್ಯಾಮೆರಾ ಮೆನುವಿನಲ್ಲಿ 100 ಅಂತ ಇರೋದು ಮೆಗಾಬಿಟ್, ಕಾರ್ಡ್ ಮೇಲಿರೋದು ಮೆಗಾಬೈಟ್, ಎಂಟರಿಂದ ಭಾಗಿಸ್ಬೇಕು. 100 ಮೆಗಾಬಿಟ್ ಅಂದ್ರೆ ಸೆಕೆಂಡ್‌ಗೆ 12.5 ಎಂಬಿ, ವಿ30 ಕಾರ್ಡ್‌ಗೆ ಅದು ಲೆಕ್ಕಕ್ಕೇ ಇಲ್ಲ. 400 ಮೆಗಾಬಿಟ್‌ನಲ್ಲಿ ತೆಗೆಯೋರಿಗೆ 50 ಎಂಬಿ ಬೇಕು, ಅವರಿಗೆ ವಿ60. ನೀವು ಮಾಮೂಲಿ 4ಕೆ ತೆಗೆಯೋದಾದ್ರೆ ವಿ90ಗೆ ದುಡ್ಡು ಸುರಿಯೋದು ದಂಡ. ಆದ್ರೆ ಕಡಿಮೆ ಕ್ಲಾಸ್ ಕಾರ್ಡ್ ಹಾಕಿದ್ರೆ ಕೆಲವು ಕ್ಯಾಮೆರಾ ರೆಕಾರ್ಡಿಂಗ್ ಶುರುನೇ ಮಾಡಲ್ಲ, ಯು3 ಇಲ್ಲ ಅಂತ ಮೊದ್ಲೇ ತಡೆದುಬಿಡತ್ತೆ, ಆದ್ದರಿಂದ ಮ್ಯಾನ್ಯುಯಲ್‌ನಲ್ಲಿ ಆ ಒಂದು ಪುಟ ನೋಡ್ಕೊಳ್ಳಿ.

ಹಕ್ಕಿ ಫೋಟೊ ಮಾತ್ರ ಬೇರೆ ವಿಷಯ, ಅಲ್ಲಿ ಬರೆಯೋ ಸ್ಪೀಡ್ ನಿಜವಾಗ್ಲೂ ಕೈಗೆ ಗೊತ್ತಾಗತ್ತೆ. ಒಂದು ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಹಾಗೇ ಉಳಿಸೋ ಫೋಟೊ) ಸುಮಾರು 25 ಎಂಬಿ ಅಂತಿಟ್ಕೊಳ್ಳಿ, ಸೆಕೆಂಡ್‌ಗೆ ಹತ್ತು ಶಾಟ್ ಹೊಡೆದ್ರೆ 250 ಎಂಬಿ ಆಯ್ತು, ಅಷ್ಟನ್ನ ಯಾವ ಯುಎಚ್‌ಎಸ್-1 ಕಾರ್ಡೂ ಆ ಕ್ಷಣಕ್ಕೆ ನುಂಗಲ್ಲ. ಕ್ಯಾಮೆರಾ ತನ್ನ ಬಫರ್‌ನಲ್ಲಿ ಹಿಡಿದಿಟ್ಕೊಂಡು ಆಮೇಲೆ ನಿಧಾನಕ್ಕೆ ಕಾರ್ಡ್‌ಗೆ ಇಳಿಸತ್ತೆ. 60 ಶಾಟ್ ಬಫರ್‌ನಲ್ಲಿದ್ರೆ 1500 ಎಂಬಿ, ಕಾರ್ಡ್ ಸೆಕೆಂಡ್‌ಗೆ 75 ಎಂಬಿ ಬರೆದ್ರೆ 20 ಸೆಕೆಂಡ್‌ನಲ್ಲಿ ಖಾಲಿ, 30 ಎಂಬಿ ಬರೆದ್ರೆ 50 ಸೆಕೆಂಡ್. ಮಿಂಚುಳ್ಳಿ ಎರಡನೇ ಸಲ ನೀರಿಗೆ ಧುಮುಕಿದಾಗ ಕೆಂಪು ದೀಪ ಮಿಣಮಿಣ ಅಂತಿರೋದನ್ನ ನೋಡ್ತಾ ಕೂತ್ಕೊಳ್ಳೋ ಕರ್ಮ ಬೇಡ ಅಂದ್ರೆ, ವಿ30ಗಳಲ್ಲೇ ಬರೆಯೋ ಸ್ಪೀಡ್ 80, 90 ಎಂಬಿ ಇರೋದನ್ನ ಹುಡುಕಿ. ಇದು ಎಷ್ಟೋ ಕಾರ್ಡ್‌ಗಳ ಮೇಲೆ ಇರಲ್ಲ, ಪ್ಯಾಕೆಟ್ ಹಿಂದೆ ಚಿಕ್ಕದಾಗಿ ಇಲ್ಲಾ ಕಂಪನಿ ಸೈಟ್‌ನಲ್ಲಿ ಇರತ್ತೆ. ಎಷ್ಟೋ ಸಲ ಅದೇ ಮಾಡೆಲ್‌ನಲ್ಲಿ 64 ಜಿಬಿಯ ಬರೆಯೋ ಸ್ಪೀಡ್ ಕಡಿಮೆ, 128ರದ್ದು ಜಾಸ್ತಿ ಇರತ್ತೆ, ಅದನ್ನೂ ಗಮನಿಸಿ. ಯುಎಚ್‌ಎಸ್-2 ಕಾರ್ಡ್ ನಿಮ್ಮ ಸ್ಲಾಟಲ್ಲಿ ಕೆಲಸ ಮಾಡತ್ತೆ, ಆದ್ರೆ ಎರಡನೇ ಸಾಲಿನ ಪಿನ್ ಮುಟ್ಟೋಕೆ ಅಲ್ಲಿ ಏನೂ ಇಲ್ಲದೆ ಇರೋದ್ರಿಂದ ಯುಎಚ್‌ಎಸ್-1 ಸ್ಪೀಡಿಗೇ ಇಳಿಯತ್ತೆ.

ಇನ್ನು ಯಾರಾದ್ರೂ ಹಳೇ ಕ್ಯಾಮೆರಾ ಇಟ್ಕೊಂಡಿರೋರು ಓದ್ತಿದ್ರೆ ಅವರಿಗೆ ಒಂದು ಮಾತು. ಕಾರ್ಡ್ ಆಕಾರ ಒಂದೇ ಅಂತ ಎಲ್ಲ ನಡೆಯಲ್ಲ. ಬರೀ ಎಸ್‌ಡಿ ಅಂದ್ರೆ 2 ಜಿಬಿ ತನಕ, ಎಸ್‌ಡಿಎಚ್‌ಸಿ 32 ಜಿಬಿ ತನಕ, ಎಸ್‌ಡಿಎಕ್ಸ್‌ಸಿ 2 ಟಿಬಿ ತನಕ, ಎಸ್‌ಡಿಎಕ್ಸ್‌ಸಿ ಬಂದಿದ್ದೇ 2009ರಲ್ಲಿ. ಅದಕ್ಕಿಂತ ಹಿಂದಿನ ಕ್ಯಾಮೆರಾಗೆ 64 ಜಿಬಿ ಹಾಕಿ ಕಾರ್ಡ್ ಎರರ್ ಬಂದ್ರೆ ಕಾರ್ಡ್ ಮೇಲೆ ತಪ್ಪು ಹೊರಿಸ್ಬೇಡಿ.

ಕಂಪನಿ ಯಾವುದು ಅಂತ ಕೇಳಿದ್ರಲ್ಲ. ಸ್ಯಾಮ್‌ಸಂಗ್, ಕಿಯೋಕ್ಸಿಯಾ, ಸ್ಯಾನ್‌ಡಿಸ್ಕ್ ಇವರದ್ದು ಫ್ಲ್ಯಾಶ್ ಚಿಪ್ ತಯಾರಿಕೆಯಲ್ಲೇ ನೇರ ಪಾಲಿದೆ, ಕಿಯೋಕ್ಸಿಯಾ ಅಂದ್ರೆ ಹಳೇ ತೋಶಿಬಾ ಮೆಮೊರಿನೇ. ಸೋನಿ, ಕಿಂಗ್‌ಸ್ಟನ್, ಟ್ರಾನ್ಸೆಂಡ್, ಪ್ರೊಗ್ರೇಡ್ ಕೂಡ ನಂಬಬಹುದಾದ ಹೆಸರುಗಳೇ. ಲೆಕ್ಸಾರ್ ಬಗ್ಗೆ ಹಳಬರು ತುಂಬಾ ಹೊಗಳ್ತಾರೆ, ಆದ್ರೆ ಅದು 2017ರಲ್ಲಿ ಮೈಕ್ರಾನ್ ಕೈಯಿಂದ ಚೀನಾದ ಲಾಂಗ್‌ಸಿಸ್ ಕೈಗೆ ಹೋಯ್ತು, ಈಗಿನ ಕಾರ್ಡ್ ಕೆಟ್ಟದ್ದು ಅಂತಲ್ಲ, ಹಳೇ ಹೊಗಳಿಕೆ ಹಳೇ ಕಾರ್ಡ್‌ಗೆ ಅಷ್ಟೇ. ಯಾವ ಕಂಪನಿ ಅನ್ನೋದಕ್ಕಿಂತ ಯಾರ ಕೈಯಿಂದ ಬಂತು ಅನ್ನೋದು ನನ್ನ ಪ್ರಕಾರ ಮುಖ್ಯ, ಯಾಕಂದ್ರೆ ನಕಲಿ ಮಾಡೋರು ಹೆಸರಿಲ್ಲದ ಕಂಪನಿದನ್ನ ನಕಲಿ ಮಾಡಲ್ಲ, ಹೆಚ್ಚು ಮಾರಾಟ ಆಗೋ ಹೆಸರನ್ನೇ ಮಾಡೋದು. ಆನ್‌ಲೈನ್‌ನಲ್ಲಿ ತಗೊಂಡ್ರೆ ಮಾರಾಟಗಾರ ಯಾರು ಅನ್ನೋ ಸಾಲನ್ನ ಓದಿ, ಸೈಟ್ ದೊಡ್ಡದು ಅಂತ ಅಲ್ಲಿರೋ ಎಲ್ಲ ಮಾರಾಟಗಾರರೂ ದೊಡ್ಡೋರಾಗಲ್ಲ. ಕಂಪನಿಯ ಅಧಿಕೃತ ಡೀಲರ್ ಪಟ್ಟಿ ಅವರ ಸೈಟ್‌ನಲ್ಲೇ ಸಿಗತ್ತೆ, ಕ್ಯಾಮೆರಾ ತಗೊಂಡ ಅಂಗಡಿ ಚೆನ್ನಾಗಿದ್ರೆ ಅಲ್ಲೇ ತಗೊಳ್ಳಿ, ಬಿಲ್ ಇಟ್ಕೊಳ್ಳಿ. ಬೇರೆಯವರು ಬಳಸಿದ ಕಾರ್ಡ್ ಬೇಡವೇ ಬೇಡ. ಫ್ಲ್ಯಾಶ್ ಸೆಲ್‌ಗಳನ್ನ ಅಳಿಸಿ ಬರೆಯೋಕೆ ಒಂದು ಮಿತಿ ಇದೆ, ಹಿಂದಿನವರು ಅದರಲ್ಲಿ ಎಷ್ಟು ಖರ್ಚು ಮಾಡಿದ್ದಾರೆ ಅಂತ ತಿಳ್ಕೊಳ್ಳೋಕೆ ಸಾಮಾನ್ಯ ಎಸ್‌ಡಿ ಕಾರ್ಡ್‌ನಲ್ಲಿ ದಾರಿ ಇಲ್ಲ.

ಮೈಕ್ರೊ ಎಸ್‌ಡಿಗೆ ಅಡಾಪ್ಟರ್ ಹಾಕಿ ಕ್ಯಾಮೆರಾಗೆ ಹಾಕೋರನ್ನ ನೋಡಿದ್ದೀನಿ. ನಡೆಯತ್ತೆ, ಆದ್ರೆ ಕಾಂಟ್ಯಾಕ್ಟ್ ಒಂದರ ಬದಲು ಎರಡು ಕಡೆ ಆಯ್ತು, ಸಡಿಲ ಆಗೋಕೆ ಒಂದು ಜಾಗ ಹೆಚ್ಚಾಯ್ತು. ತುರ್ತಿಗೆ ಸರಿ, ದಿನಾ ಬೇಡ.

ಒಂದು ದೊಡ್ಡದಾ, ನಾಲ್ಕು ಚಿಕ್ಕವಾ ಅನ್ನೋ ಪ್ರಶ್ನೆಗೆ ಎರಡೂ ಕಡೆ ಜಗಳಕ್ಕೆ ನಿಲ್ಲೋರಿದ್ದಾರೆ. ದೊಡ್ಡದು ಹೋದ್ರೆ ಎಲ್ಲ ಒಟ್ಟಿಗೆ ಹೋಗತ್ತೆ ಅನ್ನೋದು ನಿಜ. ಆದ್ರೆ ಚಿಕ್ಕವನ್ನ ಪದೇ ಪದೇ ಹಾಕಿ ತೆಗೆದು ಮಾಡೋದ್ರಲ್ಲಿ ಕಾರ್ಡ್ ಕಳೆಯೋದು, ತುಂಬಿರೋದನ್ನ ಖಾಲಿ ಅಂದ್ಕೊಂಡು ಫಾರ್ಮ್ಯಾಟ್ ಮಾಡೋದು, ಹುಲ್ಲಿನ ಮೇಲೆ ಬೀಳ್ಸೋದು, ಇವೂ ನಡೆಯತ್ತೆ, ನನ್ನ ಹತ್ರ ಫೋಟೊ ವಾಪಸ್ ತರಿಸಿಕೊಡಿ ಅಂತ ಬರೋರಲ್ಲಿ ಕಾರ್ಡ್ ತಾನಾಗೇ ಸತ್ತಿದ್ದಕ್ಕಿಂತ ಇವೇ ಜಾಸ್ತಿ. ನಿಮ್ಮ ಕ್ಯಾಮೆರಾಗೆ ನಾನು ಹೇಳೋದು 128 ಜಿಬಿ ಎರಡು. ಒಂದರಲ್ಲಿ ಸುಮಾರು ಐದು ಸಾವಿರ ರಾ ಹಿಡಿಯತ್ತೆ, ವಿಡಿಯೊ 100 ಮೆಗಾಬಿಟ್‌ನಲ್ಲಿ ಗಂಟೆಗೆ 45 ಜಿಬಿ ತಿನ್ನತ್ತೆ, ಲೆಕ್ಕ ಹಾಕ್ಕೊಳ್ಳಿ. ಎರಡಕ್ಕೂ 1, 2 ಅಂತ ಪರ್ಮನೆಂಟ್ ಮಾರ್ಕರ್‌ನಲ್ಲಿ ನಂಬರ್ ಹಾಕಿ, ದಿನ ಬಿಟ್ಟು ದಿನ ಬದಲಾಯಿಸಿ, ತುಂಬಿರೋದನ್ನ ಡಬ್ಬೀಲಿ ಮುಖ ಕೆಳಗೆ ಮಾಡಿ ಇಡಿ. ಮುಂದೆ ಕ್ಯಾಮೆರಾ ಬದಲಾಯಿಸೋದಾದ್ರೆ ಎರಡು ಸ್ಲಾಟ್ ಇರೋದನ್ನೇ ನೋಡಿ, ಒಂದೇ ಫೋಟೊ ಎರಡೂ ಕಾರ್ಡ್‌ಗೆ ಏಕಕಾಲಕ್ಕೆ ಬರೆಯೋ ಸೆಟ್ಟಿಂಗ್ ಇರತ್ತೆ, ಅದಕ್ಕೆ ಸಮ ಯಾವ ದುಬಾರಿ ಕಾರ್ಡೂ ಇಲ್ಲ.

ಬಳಸೋ ವಿಷಯದಲ್ಲಿ ಜಾಸ್ತಿ ಹೇಳೋಕಿಲ್ಲ. ಫಾರ್ಮ್ಯಾಟ್ ಯಾವಾಗ್ಲೂ ಕ್ಯಾಮೆರಾದಲ್ಲೇ ಮಾಡಿ, ಅದೂ ಫೋಟೊ ಎರಡು ಕಡೆ ಕಾಪಿ ಆದಮೇಲೆ. ಕಂಪ್ಯೂಟರ್‌ನಲ್ಲಿ ಒಂದೊಂದೇ ಫೋಟೊ ಡಿಲೀಟ್ ಮಾಡ್ತಾ ಕೂರ್ಬೇಡಿ, ಮ್ಯಾಕ್‌ನಲ್ಲಂತೂ ಡಿಲೀಟ್ ಆದದ್ದು ಕಾರ್ಡಲ್ಲೇ ಕಾಣದ ಫೋಲ್ಡರ್‌ಗೆ ಹೋಗಿ ಕೂತಿರತ್ತೆ, ಜಾಗ ಖಾಲಿ ಆಗ್ಲಿಲ್ವಲ್ಲ ಅಂತ ನೀವು ತಲೆ ಕೆರ್ಕೊಳ್ತೀರಿ. ಕೆಂಪು ದೀಪ ಉರೀತಿರುವಾಗ ಕಾರ್ಡ್ ಬಾಗಿಲು ತೆಗೀಬೇಡಿ, ಬ್ಯಾಟರಿ ಕೊನೇ ಉಸಿರಲ್ಲಿದ್ದಾಗ ಲಾಂಗ್ ಬರ್ಸ್ಟ್ ಹೊಡೀಬೇಡಿ. ಪಕ್ಕದಲ್ಲಿರೋ ಲಾಕ್ ಗುಂಡಿ ಬರೀ ಪ್ಲಾಸ್ಟಿಕ್ಕು, ಒಳಗೆ ಯಾವ ವೈರಿಗೂ ಸೇರಿಲ್ಲ, ಅದು ಎಲ್ಲಿದೆ ಅಂತ ಸ್ಲಾಟ್ ತಡವಿ ನೋಡತ್ತೆ ಅಷ್ಟೇ. ಅದು ಮುರಿದು ಬಿದ್ರೆ ಕಾರ್ಡ್ ಸದಾ ಲಾಕ್ ಅಂತಲೇ ತೋರಿಸತ್ತೆ. ಫೋಟೊ ಎಲ್ಲೂ ಹೋಗಿರಲ್ಲ, ಕಾಪಿ ಮಾಡ್ಕೊಂಡು ಕಾರ್ಡ್ ಬದಲಾಯಿಸಿ, ಟೇಪ್ ಅಂಟಿಸಿ ಕ್ಯಾಮೆರಾ ಒಳಗೆ ಹಾಕೋ ಸಾಹಸ ಮಾತ್ರ ಮಾಡ್ಬೇಡಿ, ಟೇಪ್ ಒಳಗೇ ಕಿತ್ಕೊಂಡ್ರೆ ಕಾರ್ಡ್‌ಗಿಂತ ದೊಡ್ಡ ಖರ್ಚು. ಮತ್ತೆ ಕಾರ್ಡನ್ನೇ ಆಲ್ಬಮ್ ಮಾಡ್ಕೊಂಡು ವರ್ಷಗಟ್ಲೆ ಡ್ರಾಯರ್‌ನಲ್ಲಿ ಇಡೋರಿದ್ದಾರೆ. ಫ್ಲ್ಯಾಶ್‌ನಲ್ಲಿ ಡೇಟಾ ಅಂದ್ರೆ ಸೆಲ್ ಒಳಗೆ ಹಿಡಿದಿಟ್ಟ ವಿದ್ಯುತ್ ಚಾರ್ಜು, ಕರೆಂಟಿಲ್ಲದೆ ಇಟ್ರೆ ಅದು ನಿಧಾನಕ್ಕೆ ಸೋರತ್ತೆ, ಸವೆದ ಕಾರ್ಡ್‌ನಲ್ಲಿ, ಸೆಕೆ ಜಾಗದಲ್ಲಿ ಇನ್ನೂ ಬೇಗ. ಒಂದು ಸಲ ಕಾರಣವಿಲ್ಲದೆ ಎರರ್ ಕೊಟ್ಟ ಕಾರ್ಡನ್ನ ನಾನು ಮುಖ್ಯ ಕೆಲಸಕ್ಕೆ ಮತ್ತೆ ಬಳಸಲ್ಲ, ಟೆಸ್ಟ್ ಪಾಸಾದ್ರೂ ಅಷ್ಟೇ.

ನಿಮ್ಮ ಈಗಿನ ಕಾರ್ಡ್‌ಗೆ ಬಂದ್ರೆ, ಓಪನ್ ಆಗೋ ಫೋಟೊಗಳನ್ನ ಮೊದ್ಲು ಕಾಪಿ ಮಾಡ್ಕೊಳ್ಳಿ. ಆಮೇಲೆ ಫೋಟೊರೆಕ್ ಅನ್ನೋ ಫ್ರೀ ಪ್ರೋಗ್ರಾಂ ಓಡಿಸಿ, ಸಿಕ್ಕಿದ್ದನ್ನ ಕಂಪ್ಯೂಟರ್‌ನ ಡಿಸ್ಕ್‌ಗೆ ಉಳಿಸಿ, ಅದೇ ಕಾರ್ಡ್‌ಗೆ ವಾಪಸ್ ಬರೀಬಾರ್ದು. ಕಾರ್ಡ್ ಕೆಟ್ಟಿರೋದಾದ್ರೆ ಒಂದಷ್ಟು ಬರಬಹುದು. ನಕಲಿ ಆಗಿದ್ರೆ ಮಿತಿ ದಾಟಿದ ಮೇಲಿನ ಫೋಟೊಗಳು ಅದರಲ್ಲಿ ಕೂತೇ ಇಲ್ಲ, ಹಳೇದರ ಮೇಲೆ ಬರೆದಿದ್ರೆ ಆ ಹಳೇವೂ ಇಲ್ಲ, ದುಡ್ಡು ಕೊಟ್ಟು ರಿಕವರಿಯವರ ಹತ್ರ ಹೋದ್ರೂ ಬರಲ್ಲ, ಬೇಜಾರಾದ್ರೂ ಅದು ಸತ್ಯ. ಇದೆಲ್ಲ ಮುಗಿದ ಮೇಲೆ ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಿ ಎಚ್2ಟೆಸ್ಟ್‌ಡಬ್ಲ್ಯೂ ಓಡಿಸಿ, ಕೊನೇಲಿ ಬರೋ ರಿಸಲ್ಟ್‌ನ ಸ್ಕ್ರೀನ್‌ಶಾಟ್, ಕಾರ್ಡ್‌ನ ಎರಡೂ ಬದಿಯ ಫೋಟೊ, ಬಿಲ್, ಮೂರನ್ನೂ ಸೇರಿಸಿ ಮಾರಿದವರಿಗೂ ಆ ಸೈಟ್‌ಗೂ ಕಳಿಸಿ ರಿಫಂಡ್ ಕೇಳಿ. ಬದಲಿ ಕಾರ್ಡ್ ಕಳಿಸ್ತೀವಿ ಅಂದ್ರೆ ಒಪ್ಕೋಬೇಡಿ, ಅದೇ ಗೂಡಿನದ್ದೇ ಇನ್ನೊಂದು ಬರತ್ತೆ. ರಿಫಂಡೂ ಆಗ್ಲಿಲ್ಲ, ವಾಪಸೂ ತಗೊಳ್ಳಲಿಲ್ಲ ಅಂದ್ರೆ ಸಣ್ಣಪುಟ್ಟ ಫೈಲ್ ಇಡೋ ಡ್ರೈವ್ ಆಗಿ ಬಳಸ್ಕೊಳ್ಳೋಣ, ಮಕ್ಕಳಿಗೆ ಕೊಡೋಣ ಅಂತ ಇಟ್ಕೋಬೇಡಿ, ಎರಡು ತುಂಡು ಮಾಡಿ ಇ-ವೇಸ್ಟ್‌ಗೆ ಹಾಕಿ.